ಹೀಲ್ಸ್ ತೊಟ್ಟು ಕಾರು ಓಡಿಸುವುದು: ಕ್ರಾಸ್‌ಡ್ರೆಸ್ಸರ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಹೀಲ್ಸ್ ಹಾಕಿಕೊಂಡು ಕಾರು ಓಡಿಸುವುದು ಹೇಗೆ ಎಂದು, ಹೆಂಗಸರ ಉಡುಪು ತೊಡುವ ಗಂಡಸರಾದ ನಮ್ಮ ಬಳಗಕ್ಕೆ ಹೊಸದಾಗಿ ಬಂದವರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ಆದಷ್ಟೂ ಓಡಿಸಬೇಡಿ. ಹೀಲ್ಸ್ ಇರುವುದು ನಡೆಯಲಿಕ್ಕೆ, ನಿಲ್ಲಲಿಕ್ಕೆ, ಫೋಟೊ ತೆಗೆಸಿಕೊಳ್ಳಲಿಕ್ಕೆ. ಕಾರಿಗೆ ಬೇರೆ ಜೊತೆ ಇಟ್ಟುಕೊಳ್ಳಿ.

ಮಾತು ಇಲ್ಲಿಗೇ ಮುಗಿಯಬೇಕಿತ್ತು. ಮುಗಿಯುವುದಿಲ್ಲ, ಏಕೆಂದರೆ ನಮ್ಮ ಪಾಡು ಬೇರೆ. ಕಚೇರಿಗೆ ಹೀಲ್ಸ್ ಹಾಕಿಕೊಂಡು ಹೋಗುವ ಹೆಂಗಸು ಪಾರ್ಕಿಂಗ್‌ನಲ್ಲಿ ಬಾಗಿಲು ತೆರೆದು, ಕಾಲು ಹೊರಗೆ ಚಾಚಿ, ನಿಧಾನವಾಗಿ ಶೂ ಬದಲಿಸುತ್ತಾಳೆ. ಯಾರೂ ತಿರುಗಿ ನೋಡುವುದಿಲ್ಲ. ಸೀರೆಯುಟ್ಟು ವಿಗ್ ಹಾಕಿಕೊಂಡ ನಾವು ಅದೇ ಕೆಲಸವನ್ನು ದೀಪ ಆರಿಸಿ, ಬಾಗಿಲು ಹಾಕಿಕೊಂಡು, ಅತ್ತಿತ್ತ ಕಣ್ಣಾಡಿಸುತ್ತ ಅರ್ಧ ನಿಮಿಷದಲ್ಲಿ ಮುಗಿಸುತ್ತೇವೆ. ಕಳಚಿದ್ದು ಎಲ್ಲಿ ಬಿತ್ತು ಎಂದು ನೋಡುವ ವ್ಯವಧಾನ ಇರುವುದಿಲ್ಲ. ನಾನು ಕಂಡಂತೆ ನಮಗೆ ಅಪಾಯ ಬರುವುದು ಹೀಲಿನ ಎತ್ತರದಿಂದ ಅಷ್ಟಾಗಿ ಅಲ್ಲ, ಈ ಅವಸರದಿಂದ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪೆಡಲಿಗೆ ಎಷ್ಟು ಜಾಗವಿದೆಯೋ ಆತಂಕಕ್ಕೂ ಅಷ್ಟೇ ಜಾಗವಿದೆ.

ಕಾಲಿನ ಕೆಳಗೆ ಏನಾಗುತ್ತದೆ

ಚಪ್ಪಟೆ ಶೂ ಹಾಕಿಕೊಂಡಾಗ ಬಲ ಹಿಮ್ಮಡಿ ಕಾರಿನ ನೆಲದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಅದನ್ನು ಕದಲಿಸದೆ ಮುಂಗಾಲನ್ನಷ್ಟೇ ಆಕ್ಸಿಲರೇಟರಿನಿಂದ ಬ್ರೇಕಿಗೆ ತಿರುಗಿಸುತ್ತೇವೆ. ಮೂರು ಇಂಚಿನ ಹೀಲ್ಸ್ ಹಾಕಿದೊಡನೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಹಿಮ್ಮಡಿ ಗಾಳಿಯಲ್ಲಿರುತ್ತದೆ, ನೆಲಕ್ಕೆ ತಾಗಿರುವುದು ಬೆರಳ ತುದಿಯಷ್ಟು ಅಗಲದ ಒಂದು ಮೊಳೆ. ಪಾದ ಆಗಲೇ ಕೆಳಮುಖವಾಗಿ ಬಾಗಿರುವುದರಿಂದ ಕಣಕಾಲಿನಿಂದ ಇನ್ನಷ್ಟು ಒತ್ತಲು ಉಳಿದಿರುವ ಅವಕಾಶ ಕಡಿಮೆ. ಜೋರಾಗಿ ಬ್ರೇಕ್ ಒತ್ತಬೇಕಾದರೆ ತೊಡೆಯ ಬಲವನ್ನೇ ಹಾಕಬೇಕು. ಮಂಡಿಯೂ ಮೇಲೇರಿ ಸ್ಟೀರಿಂಗಿನ ಕೆಳಭಾಗಕ್ಕೆ ಹತ್ತಿರವಾಗಿರುತ್ತದೆ.

ಇನ್ನೊಂದು ಸಂಗತಿ ನಮಗಷ್ಟೇ ಸಂಬಂಧಿಸಿದ್ದು. ನಾವು ಕಾರು ಕಲಿತದ್ದು ಗಂಡಸರ ಚಪ್ಪಟೆ ಶೂಗಳಲ್ಲಿ. ಬ್ರೇಕ್ ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂಬುದನ್ನು ನಮ್ಮ ಕಾಲು ಆ ಶೂಗಳಲ್ಲೇ ಕಲಿತಿದೆ. ದಿನವೂ ಹೀಲ್ಸ್ ಹಾಕುವವರ ಕಣಕಾಲಿಗೆ ಇರುವ ಪಳಗುವಿಕೆ ತಿಂಗಳಿಗೊಮ್ಮೆ ಅಲಂಕರಿಸಿಕೊಳ್ಳುವ ನಮ್ಮ ಕಣಕಾಲಿಗೆ ಇರುವುದಿಲ್ಲ. 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಓಡುತ್ತದೆ. ಬ್ರೇಕ್ ಹುಡುಕಲು ಕಾಲಿಗೆ ಅರ್ಧ ಸೆಕೆಂಡ್ ಹೆಚ್ಚು ಬೇಕಾಯಿತೆಂದರೆ ಎಂಟು ಮೀಟರಿಗೂ ಹೆಚ್ಚು ದೂರ, ಅಂದರೆ ಎರಡು ಹ್ಯಾಚ್‌ಬ್ಯಾಕ್ ಕಾರುಗಳ ಉದ್ದ, ಕೈತಪ್ಪಿ ಹೋಗಿರುತ್ತದೆ.

ಕ್ಲಚ್ ಇರುವ ಕಾರಾದರೆ ಎಡಗಾಲಿನ ಕಷ್ಟ ಬೇರೆಯೇ. ಕ್ಲಚ್ ಪೆಡಲ್ ಬಹಳ ದೂರ ಒಳಗೆ ಹೋಗುತ್ತದೆ, ಪಾದವನ್ನು ಪೂರ್ತಿ ನೆಲದಿಂದ ಎತ್ತಲೇಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಂಜೆ ಹೊತ್ತು ಅಂಗುಲ ಅಂಗುಲ ತೆವಳುವಾಗ ಆ ಕಾಲಿಗೆ ಬಿಡುವೇ ಇಲ್ಲ. ಸ್ವಲ್ಪ ಹೊತ್ತಿಗೆ ಮೀನಖಂಡ ನಡುಗತೊಡಗುತ್ತದೆ, ಹಾಫ್ ಕ್ಲಚ್ ಹಿಡಿಯುವ ಹದ ತಪ್ಪುತ್ತದೆ. ಗೇರ್ ತಾನೇ ಬದಲಾಗುವ ಕಾರು ಇರುವವರು ಈ ಒಂದು ಕಾಟದಿಂದ ಪಾರು. ಬಲಗಾಲಿನ ತೊಂದರೆ ಮಾತ್ರ ಎಲ್ಲರಿಗೂ ಒಂದೇ.

ಮೊದಲ ಹಂತ: ಕಾರಿಗೆಂದೇ ಒಂದು ಜೊತೆ

ತೆಳು ಅಡಿಯ, ಹಿಂಬದಿ ಮುಚ್ಚಿದ, ಪಾದಕ್ಕೆ ಅಂಟಿಕೊಂಡಿರುವ ಯಾವುದಾದರೂ ಶೂ ಆಗುತ್ತದೆ. ಕ್ಯಾನ್ವಾಸ್ ಶೂ ಒಳ್ಳೆಯದು. ಇಳಿಯುವಾಗ ಗಂಡಸರ ಶೂ ಕಣ್ಣಿಗೆ ಬೀಳಬಾರದು ಎಂದಿದ್ದರೆ ರಬ್ಬರ್ ಅಡಿಯ ಬ್ಯಾಲೆ ಶೂ ತೆಗೆದುಕೊಳ್ಳಿ. ಸೀರೆಗೂ ಚೂಡಿದಾರಕ್ಕೂ ಒಪ್ಪುತ್ತದೆ. ಹೆಂಗಸರ ವಿಭಾಗದಲ್ಲಿ 41ರ ಮೇಲಿನ ಅಳತೆ ಸಿಗುವುದು ಅಪರೂಪ, ನಮ್ಮಲ್ಲಿ ಹಲವರ ಪಾದ 42, 43. ಸಿಕ್ಕಿದ ಅಳತೆಯಲ್ಲೇ ಬೆರಳು ಮಡಚಿ ತುರುಕಿಕೊಳ್ಳುವ ಅಭ್ಯಾಸ ಪಾರ್ಟಿಗೆ ನಡೆದೀತು, ಕಾರಿಗೆ ಸಲ್ಲದು. ಜೋಮು ಹಿಡಿದ ಬೆರಳಿಗೆ ಪೆಡಲ್ ಎಷ್ಟು ಒತ್ತಿತು ಎಂದು ತಿಳಿಯುವುದಿಲ್ಲ.

ಅನೇಕರು ಹವಾಯಿ ಚಪ್ಪಲಿಯೊಂದನ್ನು ಕಾರಿನಲ್ಲಿ ಎಸೆದಿಟ್ಟುಕೊಂಡು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅದು ಹೀಲ್ಸ್‌ಗಿಂತ ಹೆಚ್ಚು ಕ್ಷೇಮವೇನಲ್ಲ. ಹಿಂಬದಿ ಪಟ್ಟಿಯಿಲ್ಲದ ಚಪ್ಪಲಿ ಪಾದದಿಂದ ಜಾರಿ ಪೆಡಲಿನ ಅಡಿಗೆ ಮಡಚಿಕೊಳ್ಳುತ್ತದೆ. ಬರಿಗಾಲಲ್ಲಿ ಓಡಿಸಬಹುದು, ಆದರೆ ಸ್ಟಾಕಿಂಗ್ಸ್ ಹಾಕಿದ ಬರಿಗಾಲು ಬೇಡ. ಪೆಡಲಿನ ರಬ್ಬರಿನ ಮೇಲೆ ನೈಲಾನ್ ಜಾರುತ್ತದೆ, ಅದೂ ಕಾಲು ಬೆವೆತಿದ್ದರೆ ಕೇಳುವುದೇ ಬೇಡ.

ಸುರಕ್ಷತೆಯ ಮಾತು ಒಪ್ಪದವರಿಗೆ ಅಂದದ ಕಾರಣವೂ ಒಂದಿದೆ. ಹೀಲ್ಸ್‌ನಲ್ಲೇ ಕಾರು ಓಡಿಸುವವರ ಬಲಗಾಲಿನ ಶೂ ತಿರುಗಿಸಿ ನೋಡಿ. ಹೀಲಿನ ಹಿಂಭಾಗ ಮ್ಯಾಟಿಗೆ ಉಜ್ಜಿ ಉಜ್ಜಿ ಬಣ್ಣ ಹೋಗಿರುತ್ತದೆ, ಮೇಲಿನ ಹೊದಿಕೆ ಸುಲಿದಿರುತ್ತದೆ. ಎಡಗಾಲಿನದು ಹೊಸದರಂತೆ ಹೊಳೆಯುತ್ತಿರುತ್ತದೆ.

ಎರಡನೆಯ ಹಂತ: ಬದಲಿಸುವ ಜಾಗ, ಬದಲಿಸುವ ಕ್ರಮ

ಎಲ್ಲಿ ಬದಲಿಸಬೇಕೆಂದು ಮನೆಯಲ್ಲೇ ನಿರ್ಧರಿಸಿ ಹೊರಡಿ. ರಸ್ತೆ ಬದಿ ಬೇಡ, ಸಿಗ್ನಲ್ ಅಂತೂ ಬೇಡವೇ ಬೇಡ. ಮಾಲ್ ಅಥವಾ ಹೋಟೆಲಿನ ನೆಲಮಾಳಿಗೆಯಲ್ಲಿ ಗೋಡೆ ಪಕ್ಕದ ಜಾಗ ಒಳ್ಳೆಯದು. ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಅಷ್ಟು ಜಾಗ ಸಿಕ್ಕರೆ ಬಾಗಿಲು ತೆರೆಯದೆಯೂ ಶೂ ಬದಲಿಸಬಹುದು.

ಕ್ರಮ ಮುಖ್ಯ. ಒಂದು ಬಟ್ಟೆ ಚೀಲವನ್ನು ಪಕ್ಕದ ಸೀಟಿನ ಮೇಲೆ ಬಾಯಿ ತೆರೆದು ಇಡಿ. ಚಪ್ಪಟೆ ಶೂ ಎರಡನ್ನೂ ಕಳಚಿ ಚೀಲದೊಳಗೆ ಹಾಕಿ. ಆಮೇಲೆ ಹೀಲ್ಸ್ ಎತ್ತಿಕೊಳ್ಳಿ. ವಾಪಸಾಗುವಾಗಲೂ ಹೀಗೆಯೇ: ಹೀಲ್ಸ್ ಚೀಲಕ್ಕೆ ಸೇರಿದ ಮೇಲೆಯೇ ಬೇರೆಯದನ್ನು ಹಾಕಿಕೊಳ್ಳಿ. ನಾಲ್ಕು ಶೂಗಳಲ್ಲಿ ಯಾವುದೂ ಒಂದು ಕ್ಷಣಕ್ಕೂ ಚಾಲಕರ ಕಾಲ ಬುಡದಲ್ಲಿ ಬಿಡಿಯಾಗಿ ಬಿದ್ದಿರಬಾರದು. ಚೀಲದ ಬಾಯಿ ಕಟ್ಟಿ ಪಕ್ಕದ ಸೀಟಿನ ಹಿಂದೆ ನೆಲದ ಮೇಲೆ ಇಡಿ. ನಿಮ್ಮ ಸೀಟಿನ ಹಿಂದೆಯೂ ಬೇಡ, ಅಲ್ಲಿಟ್ಟದ್ದು ಬ್ರೇಕ್ ಹಾಕಿದಾಗ ಸೀಟಿನಡಿಯಿಂದ ಮುಂದಕ್ಕೆ ಜಾರಿ ಬರುತ್ತದೆ. ಬ್ರೇಕ್ ಪೆಡಲಿನ ಅಡಿಗೆ ಮೊಳೆಯಂಥ ಹೀಲಿನ ಒಂದು ಸ್ಟಿಲೆಟೊ ಶೂ ಸಿಕ್ಕಿಕೊಂಡರೆ ಪೆಡಲ್ ಅರ್ಧದಲ್ಲೇ ನಿಲ್ಲುತ್ತದೆ. ಎಷ್ಟು ಒತ್ತಿದರೂ ಒಳಗೆ ಹೋಗುವುದಿಲ್ಲ, ಬಗ್ಗಿ ತೆಗೆಯಲು ಸಮಯವೂ ಇರುವುದಿಲ್ಲ. ಹೀಲ್ಸ್ ಹಾಕಿ ಓಡಿಸುವುದಕ್ಕಿಂತ ಇದು ಕೆಟ್ಟದ್ದು.

ಹೋಗುವಾಗ ಎಲ್ಲರೂ ಶಿಸ್ತಿನಿಂದಿರುತ್ತಾರೆ. ಶಿಸ್ತು ಮುರಿಯುವುದು ರಾತ್ರಿ ವಾಪಸಾಗುವಾಗ. ಕಾಲು ಊದಿರುತ್ತದೆ, ಪಟ್ಟಿಯ ಬಕಲ್ ಬಿಚ್ಚುವಷ್ಟು ತಾಳ್ಮೆ ಇರುವುದಿಲ್ಲ. 'ಹತ್ತು ನಿಮಿಷದ ದಾರಿ ತಾನೇ' ಅನ್ನಿಸುತ್ತದೆ. ಹಾಗನ್ನಿಸುವ ರಾತ್ರಿಯೇ ಬದಲಿಸಬೇಕಾದ ರಾತ್ರಿ, ಏಕೆಂದರೆ ಕಣಕಾಲು ದಣಿದಿದೆ. ಹೋಗುವ ಮೊದಲೇ ಬಕಲ್ ಬದಲು ಜಿಪ್ ಅಥವಾ ಎಲಾಸ್ಟಿಕ್ ಇರುವ ಜೋಡಿಯನ್ನು ಆರಿಸಿಕೊಂಡರೆ ಅರ್ಧ ಜಗಳ ತಪ್ಪುತ್ತದೆ.

ಮೂರನೆಯ ಹಂತ: ಹಾಕಿಕೊಂಡೇ ಓಡಿಸುವವರಿಗೆ

ಇಷ್ಟು ಹೇಳಿದ ಮೇಲೂ ಕೆಲವರು ಓಡಿಸುತ್ತಾರೆ ಎಂದು ನನಗೆ ಗೊತ್ತು. ಹೀಲ್ಸ್‌ನಲ್ಲಿ ಕಾರು ಓಡಿಸುವುದೇ ಕೆಲವರಿಗೆ ಆಸೆ. ಆ ಆಸೆಯನ್ನು ನಾನು ಹೀಗಳೆಯಲಾರೆ. ಹಾಗಿದ್ದರೆ ಶೂ ಆರಿಸುವಲ್ಲಿ ಚೌಕಾಸಿ ಮಾಡಬೇಡಿ. ಎರಡು ಇಂಚಿನೊಳಗಿನ, ಅಗಲವಾದ ಬ್ಲಾಕ್ ಹೀಲ್, ಕಣಕಾಲಿಗೆ ಪಟ್ಟಿ, ಬಾಗುವ ತೆಳುವಾದ ಮುಂಗಾಲು. ಇದಕ್ಕಿಂತ ಮುಂದೆ ಹೋಗಬೇಡಿ. ವೆಜ್ ಮತ್ತು ಪ್ಲಾಟ್‌ಫಾರಂ ಶೂಗಳು ನಡೆಯಲು ಸುಲಭವೆಂಬ ಕಾರಣಕ್ಕೆ ಕಾರಿಗೂ ಸುರಕ್ಷಿತವೆಂದು ಭಾವಿಸುವವರಿದ್ದಾರೆ. ಆ ದಪ್ಪ ಅಡಿಯ ಮೂಲಕ ಪೆಡಲಿನ ಸ್ಪರ್ಶವೇ ಪಾದಕ್ಕೆ ಮುಟ್ಟುವುದಿಲ್ಲ. ಪಾದ ದೊಡ್ಡದಿದ್ದು ಕಾರು ಚಿಕ್ಕದಿದ್ದರೆ ಅಗಲವಾದ ಪ್ಲಾಟ್‌ಫಾರಂ ಏಕಕಾಲಕ್ಕೆ ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡನ್ನೂ ಒತ್ತೀತು. ಚೂಪು ಮೂತಿಯ ಪಂಪ್ಸ್ ಕೂಡ ಬೇಡ. ಬೆರಳು ಮುಗಿದ ಮೇಲೂ ಮೂತಿ ಮುಂದುವರಿದಿರುತ್ತದೆ, ಆಕ್ಸಿಲರೇಟರಿನಿಂದ ಕಾಲೆತ್ತುವಾಗ ಅದು ಬ್ರೇಕ್ ಪೆಡಲಿನ ಅಂಚಿಗೆ ಕೆಳಗಿನಿಂದ ತಗುಲಿಕೊಳ್ಳುತ್ತದೆ.

ಹೊಸ ಶೂಗಳ ಅಡಿ ಗಾಜಿನಂತೆ ನುಣುಪು. ಉಪ್ಪು ಕಾಗದದಿಂದ ಅಡಿಯನ್ನು ಉಜ್ಜಿ, ಅಥವಾ ಶೂ ರಿಪೇರಿ ಮಾಡುವವರ ಬಳಿ ಮುಂಗಾಲಿಗೆ ತೆಳು ರಬ್ಬರ್ ಹಾಳೆ ಅಂಟಿಸಿಕೊಳ್ಳಿ. ಹೀಲಿನ ತುದಿಯ ರಬ್ಬರ್ ಬಿಲ್ಲೆ ಸವೆದು ಒಳಗಿನ ಮೊಳೆ ಕಾಣುತ್ತಿದ್ದರೆ ಅದನ್ನೂ ಅಲ್ಲೇ ಬದಲಿಸಿ. ಹತ್ತು ನಿಮಿಷದ ಕೆಲಸ.

ಈಗ ಮ್ಯಾಟ್. ಚಾಲಕರ ಕಡೆಯ ಮ್ಯಾಟನ್ನು ಒಮ್ಮೆ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಆಕ್ಸಿಲರೇಟರಿನ ಕೆಳಗೆ, ಹಿಮ್ಮಡಿ ಕೂರುವ ಜಾಗದಲ್ಲಿ, ಹಳೆಯ ಮ್ಯಾಟ್‌ಗಳಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಕುಳಿ ಬಿದ್ದಿರುತ್ತದೆ, ಕೆಲವದರಲ್ಲಿ ತೂತೇ ಆಗಿರುತ್ತದೆ. ಶೂ ಹಾಕಿದವರಿಗೆ ಅದು ಲೆಕ್ಕಕ್ಕಿಲ್ಲ. ತೆಳು ಹೀಲ್ ಮಾತ್ರ ನೇರವಾಗಿ ಹೋಗಿ ಆ ತೂತಿನಲ್ಲೇ ಕೂರುತ್ತದೆ, ಬ್ರೇಕಿಗೆ ಕಾಲೆತ್ತಿದಾಗ ಮ್ಯಾಟ್ ಸಮೇತ ಏಳುತ್ತದೆ. ಅಂಥ ಮ್ಯಾಟ್ ಬಿಸಾಡಿ. ಕೂದಲುಕೂದಲಾದ ಕಾರ್ಪೆಟ್ ಮ್ಯಾಟಿಗಿಂತ ನೆಲದ ಕೊಂಡಿಗೆ ಸಿಕ್ಕಿಸುವ ಗಟ್ಟಿ ರಬ್ಬರಿನದು ವಾಸಿ. ಒಂದರ ಮೇಲೊಂದು ಮ್ಯಾಟ್ ಹಾಸಬೇಡಿ.

ಸೀಟು ಹೊಂದಿಸುವುದನ್ನು ಯಾವ ಶೂನಲ್ಲಿ ಓಡಿಸುತ್ತೀರೋ ಅದನ್ನು ಹಾಕಿಕೊಂಡೇ ಮಾಡಿ. ಮಂಡಿ ಸ್ಟೀರಿಂಗಿಗೆ ತಾಗುತ್ತಿದ್ದರೆ ಸೀಟನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿ. ಹಾಗೆ ಸರಿಸಿದ ಮೇಲೂ ಕ್ಲಚ್ ಮತ್ತು ಬ್ರೇಕ್ ಪೂರ್ತಿ ಒಳಹೋಗಬೇಕು, ಆಗ ಮಂಡಿ ತುಸು ಬಾಗಿಯೇ ಇರಬೇಕು. ಎದೆಗೂ ಸ್ಟೀರಿಂಗಿನ ನಡುವಿಗೂ ಕನಿಷ್ಠ 25 ಸೆಂ.ಮೀ. ಅಂತರವಿರಲಿ. ಎದೆಗೆ ಸಿಲಿಕೋನ್ ಫಾರಂ (ಕೃತಕ ಸ್ತನ) ಇಟ್ಟುಕೊಳ್ಳುವವರು ಅದರ ಮುಂಭಾಗದಿಂದ ಅಳೆಯಿರಿ, ಏರ್‌ಬ್ಯಾಗ್ ಮೊದಲು ಬಡಿಯುವುದು ಅಲ್ಲಿಗೆ.

ಇಷ್ಟಾದ ಮೇಲೆ ಭಾನುವಾರ ಮುಂಜಾನೆ ಬಡಾವಣೆಯ ಖಾಲಿ ಜಾಗವೊಂದಕ್ಕೆ ಹೋಗಿ. ಸೀರೆ, ಮೇಕಪ್ ಏನೂ ಬೇಡ. ಟೀ ಶರ್ಟು, ಪ್ಯಾಂಟು, ಕಾಲಿಗೆ ಹೀಲ್ಸ್, ಅಷ್ಟೇ. ಸೊಂಟದ ಕೆಳಗೆ ಹೊರಗಿನವರಿಗೆ ಏನೂ ಕಾಣುವುದಿಲ್ಲ, ಆದ್ದರಿಂದ ಮನಸ್ಸು ಪೂರ್ತಿ ಕಾಲಿನ ಮೇಲಿರುತ್ತದೆ. ಎಂಜಿನ್ ಆರಿಸಿಯೇ, ಕಣ್ಣು ಮುಂದಿಟ್ಟು, ಆಕ್ಸಿಲರೇಟರಿನಿಂದ ಬ್ರೇಕಿಗೆ ಕಾಲು ಸಾಗಿಸುವುದನ್ನು ರೂಢಿಸಿಕೊಳ್ಳಿ. ಹಿಮ್ಮಡಿಯನ್ನು ನೆಲದಲ್ಲಿಟ್ಟು ತಿರುಗಿಸಬೇಡಿ. ಇಡೀ ಪಾದ ಎತ್ತಿ ಇಡಿ. ನಿಧಾನವೆನಿಸುತ್ತದೆ, ಆದರೆ ತಗುಲಿಕೊಳ್ಳುವುದಿಲ್ಲ. ಕೆಳಗೆ ನೋಡದೆ ಪ್ರತಿ ಸಲವೂ ಬ್ರೇಕಿನ ನಡುಭಾಗಕ್ಕೇ ಕಾಲು ಬೀಳುವವರೆಗೆ ಎಂಜಿನ್ ಚಾಲೂ ಮಾಡಬೇಡಿ. ನಂತರ 20 ಕಿ.ಮೀ. ವೇಗದಲ್ಲಿ ಹೋಗಿ ಒಮ್ಮೆಲೇ ಪೂರ್ತಿ ಬ್ರೇಕ್ ಒತ್ತಿ ನಿಲ್ಲಿಸಿ, ಆಮೇಲೆ 30ರಲ್ಲಿ. ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡೇ ಮಾಡಿ. ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಪೆಡಲ್ ಅದುರಿದರೂ ಕಾಲು ಸಡಿಲಿಸಬಾರದು. ಹೀಲ್ಸ್‌ನಲ್ಲಿ ಆ ಅದುರುವಿಕೆಗೆ ಪಾದ ಪಕ್ಕಕ್ಕೆ ಜಾರುತ್ತಿದ್ದರೆ ಆ ಜೋಡಿ ಕಾರಿಗಲ್ಲ.

ಕೊನೆಯ ಪರೀಕ್ಷೆ ಏರು. ಮಾಲ್‌ಗಳ ನೆಲಮಾಳಿಗೆಯಿಂದ ಮೇಲೆ ಬರುವ ಸುರುಳಿ ದಾರಿಯಲ್ಲಿ ಟಿಕೆಟ್ ಕಿಟಕಿಗೆ ಸಾಲು ನಿಂತಿರುತ್ತದೆ, ಹಿಂದಿನ ಕಾರು ಬಂಪರಿಗೆ ಮೂಗು ತಾಗಿಸಿಕೊಂಡಿರುತ್ತದೆ. ಅಲ್ಲಿ ಹಾಫ್ ಕ್ಲಚ್‌ನ ಸಾಹಸ ಬೇಡ. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿ, ಕ್ಲಚ್ ಕಚ್ಚುವುದು ಗೊತ್ತಾದ ಮೇಲೆ ಬಿಡಿ. ಇದನ್ನು ಹಿಂದೆ ಯಾರೂ ಇಲ್ಲದ ಏರಿನಲ್ಲಿ ಮೊದಲೇ ಕಲಿತಿರಬೇಕು.

ನಾಲ್ಕನೆಯ ಹಂತ: ಉಳಿದ ಅಲಂಕಾರ

ಸೀರೆಯುಟ್ಟರೆ ನೆರಿಗೆಯ ತುದಿ ಹೀಲಿನಡಿಗೆ ಸಿಗುತ್ತದೆ. ಕುಳಿತ ಮೇಲೆ ನೆರಿಗೆಗಳನ್ನು ಕಣಕಾಲಿನ ಮೇಲಕ್ಕೆ ಎತ್ತಿ ತೊಡೆಗಳ ನಡುವೆ ಸೇರಿಸಿಕೊಳ್ಳಿ. ಸೆರಗನ್ನು ಪಿನ್ ಮಾಡಿ ಒಳಗೆಳೆದುಕೊಂಡೇ ಬಾಗಿಲು ಹಾಕಿ. ಬಿಗಿಯಾದ ಸ್ಕರ್ಟ್ ಮಂಡಿಗಳನ್ನು ಕಟ್ಟಿಹಾಕುತ್ತದೆ. ಅದು ಕ್ಲಚ್ ಇರುವ ಕಾರಿಗೆ ಹೊಂದುವ ಉಡುಪಲ್ಲ. ಉದ್ದ ಕೂದಲಿನ ವಿಗ್ ಭುಜದ ಮೇಲೆ ಜಾರಿ ಪಕ್ಕದ ಕನ್ನಡಿಯನ್ನು ಮರೆಮಾಡುತ್ತದೆ. ಕ್ಲಿಪ್ ಹಾಕಿ ಹಿಂದೆ ಕಟ್ಟಿ, ತಲುಪಿದ ಮೇಲೆ ಬಿಚ್ಚಿಕೊಳ್ಳಿ. ಗಾಜಿನ ಬಳೆಗಳೂ ತಲುಪಿದ ಮೇಲೆಯೇ. ಕಾರ್ಸೆಟ್ ಬಿಗಿದುಕೊಂಡರೆ ಹಿಂದೆ ತಿರುಗಿ ನೋಡಲಾಗುವುದಿಲ್ಲ, ರಿವರ್ಸ್ ತೆಗೆಯುವಾಗ ತಿಳಿಯುತ್ತದೆ. ಒಂದೆರಡು ಎಳೆ ಸಡಿಲಿಸಿ.

ಸೀಟ್ ಬೆಲ್ಟ್ ವಿಷಯದಲ್ಲಿ ನಮ್ಮವರದು ಒಂದು ಕೆಟ್ಟ ಚಾಳಿ. ಎದೆಯ ಆಕಾರ ಕೆಡುತ್ತದೆ, ಸೀರೆ ಮುದುಡುತ್ತದೆ ಎಂದು ಮೇಲಿನ ಪಟ್ಟಿಯನ್ನು ಕಂಕುಳಡಿಗೆ ತೂರಿಸಿಕೊಳ್ಳುತ್ತಾರೆ. ಅಪಘಾತವಾದರೆ ಆ ಪಟ್ಟಿ ಪಕ್ಕೆಲುಬು ಮುರಿಯುತ್ತದೆ. ಭುಜದ ಮೇಲಿಂದ, ಎದೆಯ ನಡುವಿನಿಂದ ಬರಲಿ. ಕೆಳಗಿನ ಪಟ್ಟಿ ಸೊಂಟದ ಮೂಳೆಯ ಮೇಲೆ ತಗ್ಗಾಗಿ ಕೂರಬೇಕು. ಪಟ್ಟಿ ಸ್ಪಂಜಿನ ಹಿಪ್ ಪ್ಯಾಡ್ ಮೇಲೆ ಕೂತರೆ ಬೆಲ್ಟ್ ಬಿಗಿಯಾಗಿದೆ ಎಂಬುದು ಭ್ರಮೆಯಷ್ಟೇ.

ಮನೆ ಸೇರುವ ಮೊದಲೇ ಲಿಪ್‌ಸ್ಟಿಕ್, ಕಾಡಿಗೆ ಒರೆಸಿಬಿಡಬೇಕೆಂಬ ತವಕ ಎಷ್ಟು ಜೋರೆಂದು ನನಗೆ ಗೊತ್ತು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಒದ್ದೆ ಟಿಶ್ಯೂ, ಒಳಗಿನ ಕನ್ನಡಿ ತನ್ನ ಮುಖದ ಕಡೆಗೆ ತಿರುಗಿದೆ, ಹೀಗೆ ನಮ್ಮವರು ಹೆಬ್ಬಾಳದ ಮೇಲ್ಸೇತುವೆ ಇಳಿಯುತ್ತಿರುತ್ತಾರೆ. ಕನ್ನಡಿ ಹಾಗೆ ತಿರುಗಿದ್ದರೆ ಹಿಂದೆ ಬರುತ್ತಿರುವ ಲಾರಿ ಕಾಣುವುದಿಲ್ಲ. ಕಾಡಿಗೆಯ ಎಣ್ಣೆ ಕಣ್ಣಿಗಿಳಿದರೆ ಮುಂದಿನ ರಸ್ತೆಯೂ ಕಾಣುವುದಿಲ್ಲ. ಹೊರಟ ಜಾಗದಲ್ಲೇ ಕಾಲು ಗಂಟೆ ಕುಳಿತು ಎಲ್ಲ ಒರೆಸಿ, ಬಟ್ಟೆ ಬದಲಿಸಿ ಹೊರಡಿ. ಮನೆಯಲ್ಲಿ ಹೇಳಿದ ಸಮಯಕ್ಕೆ ಆ ಕಾಲು ಗಂಟೆಯನ್ನು ಮೊದಲೇ ಸೇರಿಸಿಕೊಂಡಿರಿ.

ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸುವ ಯೋಚನೆಯನ್ನು ಬಿಡಿ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ 50 ಬೆಳಕು ಹಾಯಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ಯಾರೂ ನಿಲ್ಲಿಸಬಾರದೆಂದು ಹಾಕಿಸಿದ ಫಿಲ್ಮೇ ಪೊಲೀಸರು ನಿಲ್ಲಿಸಲು ಕಾರಣವಾಗುತ್ತದೆ.

ಪೊಲೀಸರು ನಿಲ್ಲಿಸಿದರೆ

ಕಾರು ಚಾಲಕರು ಇಂಥದೇ ಪಾದರಕ್ಷೆ ಹಾಕಬೇಕೆಂದು ಭಾರತದ ಕಾನೂನಿನಲ್ಲಿ ಎಲ್ಲೂ ಇಲ್ಲ. 2019ರಲ್ಲಿ ದಂಡಗಳು ಏರಿದಾಗ ಚಪ್ಪಲಿ, ಲುಂಗಿ, ಅರೆತೋಳಿನ ಅಂಗಿಗೂ ದಂಡವಿದೆ ಎಂಬ ವದಂತಿ ಹಬ್ಬಿತ್ತು. ಹಾಗೇನೂ ಇಲ್ಲವೆಂದು ಕೇಂದ್ರ ಸಾರಿಗೆ ಸಚಿವರ ಕಚೇರಿಯೇ ಸ್ಪಷ್ಟಪಡಿಸಿತು. ಆದರೆ ಕಾಲು ಜಾರಿ ಯಾರಿಗಾದರೂ ಗುದ್ದಿದರೆ ಅಪಾಯಕಾರಿ ಚಾಲನೆಯ 184ನೇ ಕಲಂ ಇದ್ದೇ ಇದೆ. ಬ್ರಿಟನ್ನಿನಲ್ಲಿ ಓಡಿಸುವ ಕನ್ನಡಿಗರು ಅಲ್ಲಿನ ಹೈವೇ ಕೋಡ್‌ನ 97ನೇ ನಿಯಮವನ್ನು ಓದಿಕೊಳ್ಳಿ: ಉಡುಪಾಗಲಿ ಪಾದರಕ್ಷೆಯಾಗಲಿ ಪೆಡಲ್, ಸ್ಟೀರಿಂಗ್ ಬಳಸಲು ಅಡ್ಡಿಯಾಗಬಾರದು ಎನ್ನುತ್ತದೆ.

ಹೆಂಗಸರ ಬಟ್ಟೆ ತೊಡುವುದು ಅಪರಾಧವಲ್ಲ. ತನ್ನ ಲಿಂಗಭಾವವನ್ನು ಉಡುಪಿನ ಮೂಲಕ ವ್ಯಕ್ತಪಡಿಸುವುದು ಸಂವಿಧಾನದ 19(1)(ಎ) ವಿಧಿಯ ರಕ್ಷಣೆಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕುರಿತ 2014ರ ನಾಲ್ಸಾ ತೀರ್ಪಿನಲ್ಲಿ ಹೇಳಿದೆ. ಹಾಗೆಂದು ರಾತ್ರಿ ನಾಕಾಬಂದಿಯಲ್ಲಿ ತೀರ್ಪು ಓದಿ ಹೇಳಲು ಹೋಗಬೇಡಿ. ಕಾರು ನಿಲ್ಲಿಸಿ, ಒಳಗಿನ ದೀಪ ಹಾಕಿ, ಗಾಜು ಇಳಿಸಿ, ಕೈಗಳು ಕಾಣುವಂತಿರಲಿ. ದಾಖಲೆ ಕೇಳಿದರೆ ಡಿಜಿಲಾಕರ್‌ನಲ್ಲಿರುವ ಲೈಸೆನ್ಸ್ ತೋರಿಸಿ. ಅದು ಕಾಗದದ ಪ್ರತಿಯಷ್ಟೇ ಮಾನ್ಯ. ಫೋಟೊ ಮತ್ತು ಮುಖ ಹೊಂದದೆ ಅವರು ಗಲಿಬಿಲಿಗೊಂಡಾಗ "ಸರ್, ಫೋಟೊದಲ್ಲಿರುವುದು ನಾನೇ. ಈ ಉಡುಪು ನನ್ನ ಇಷ್ಟದ್ದು" ಎಂದರೆ ಸಾಕು. ನಾಟಕ, ಫ್ಯಾನ್ಸಿ ಡ್ರೆಸ್ ಎಂದು ಕಥೆ ಕಟ್ಟಿದರೆ ಎಲ್ಲಿ, ಯಾವಾಗ, ಯಾರ ಜೊತೆ ಎಂಬ ಪ್ರಶ್ನೆಗಳು ಸಾಲುಗಟ್ಟುತ್ತವೆ. ನಿಲ್ಲಿಸದೆ ಓಡಿಹೋಗುವ ಯೋಚನೆ ಒಂದು ಕ್ಷಣವೂ ಬೇಡ. ಕುಡಿದಿದ್ದರೆ ಕ್ಯಾಬ್ ಹಿಡಿಯಿರಿ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಎಂಬ ಮಿತಿ ಎಲ್ಲರಿಗೂ ಒಂದೇ.

ದಾರಿಯಲ್ಲಿ ಕೆಟ್ಟು ನಿಂತರೆ

ನಮ್ಮವರ ದೊಡ್ಡ ಭಯ ಇದು. ಅಲಂಕರಿಸಿಕೊಂಡಾಗಲೇ ಟೈರ್ ಪಂಕ್ಚರ್ ಆಗಬೇಕೇ ಎಂಬ ಭಯದಲ್ಲಿ ಗಾಳಿ ಕಡಿಮೆಯಾದ ಟೈರಿನಲ್ಲೇ ಮನೆಯವರೆಗೆ ಎಳೆದುಕೊಂಡು ಹೋಗುವವರಿದ್ದಾರೆ. ಹಾಗೆ ಮಾಡಬೇಡಿ. ಡಿಕ್ಕಿಯಲ್ಲಿ ಒಂದು ಚೀಲ ಸದಾ ಇರಲಿ: ಸಡಿಲವಾದ ಪ್ಯಾಂಟು, ಮುಂದೆ ಗುಂಡಿಯಿರುವ ಅಂಗಿ, ಮಾಸ್ಕ್, ಮೇಕಪ್ ಒರೆಸುವ ಟಿಶ್ಯೂ, ಟಾರ್ಚ್. ತಲೆಯ ಮೇಲಿಂದ ಎಳೆದುಕೊಳ್ಳುವ ಟೀ ಶರ್ಟ್‌ಗಿಂತ ಗುಂಡಿಯ ಅಂಗಿ ಮೇಲು, ವಿಗ್ ಇದ್ದರೂ ಬೇಗ ಹಾಕಿಕೊಳ್ಳಬಹುದು. ತ್ರಿಕೋನ ಫಲಕ ಇದೆಯೇ ಎಂದು ಈಗಲೇ ನೋಡಿಡಿ.

ನಾಲ್ಕೂ ಇಂಡಿಕೇಟರ್ ಹಾಕಿ ಎಡಬದಿಗೆ ಸರಿಯಿರಿ. ಊರೊಳಗಾದರೆ ಬಾಗಿಲು ಲಾಕ್ ಮಾಡಿ ಒಳಗೆ ಕುಳಿತು ವಿಮಾ ಕಂಪನಿಯ ರಸ್ತೆ ಸಹಾಯಕ್ಕೆ ಕರೆ ಮಾಡಬಹುದು. ಹೆದ್ದಾರಿಯಲ್ಲಾದರೆ ಯಾರು ನೋಡುತ್ತಾರೋ ಎಂದು ಕಾರಿನೊಳಗೇ ಕೂರುವುದು ಅಪಾಯ, ಹಿಂದಿನಿಂದ ಬರುವ ವಾಹನ ಗುದ್ದೀತು. ಚಪ್ಪಟೆ ಶೂ ಹಾಕಿಕೊಂಡು, ಎಡಬಾಗಿಲಿನಿಂದ ಇಳಿದು, ತಡೆಬೇಲಿಯ ಆಚೆ ನಿಲ್ಲಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಯಾರಾದರೂ ಕಾಡಿಸಿದರೆ 112. ಬಳಗದ ಅಕ್ಕನೊಬ್ಬಳಿಗೆ ಹೊರಡುವಾಗಲೇ ಲೊಕೇಶನ್ ಕಳಿಸಿರಿ, ತಲುಪಿದ ಮೇಲೆ ನಿಲ್ಲಿಸಿದರಾಯಿತು.

ಸ್ಕೂಟರ್ ಬಗ್ಗೆ ಕೇಳುವವರಿಗೆ: ಹೀಲ್ಸ್ ಬೇಡ. ಪ್ರತಿ ಸಿಗ್ನಲ್‌ನಲ್ಲೂ ಗಾಡಿಯ ಭಾರ ಒಂದು ಕಾಲಿನ ಮೇಲೆ ಬೀಳುತ್ತದೆ, ರಸ್ತೆಯಲ್ಲಿ ಜಲ್ಲಿ ಇರುತ್ತದೆ, ಕಣಕಾಲು ತಿರುಚುತ್ತದೆ. ವಿಗ್ ಮೇಲೆ ಹೆಲ್ಮೆಟ್ ಕೂಡ ಸರಿಯಾಗಿ ಕೂರುವುದಿಲ್ಲ. ವಿಗ್ ಮತ್ತು ಹೀಲ್ಸ್ ಎರಡನ್ನೂ ಸೀಟಿನಡಿಯ ಡಬ್ಬಿಯಲ್ಲಿಟ್ಟು ತಲುಪಿದ ಮೇಲೆ ತೊಡಿ. ಡಬ್ಬಿಯ ಬಿಸಿಗೆ ಅಗ್ಗದ ವಿಗ್‌ನ ಎಳೆಗಳು ಸುರುಟುತ್ತವೆ, ಅದನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.